ಮನಸ್ಸಿಗೊಂದು ಗುರಿ ಕೊಡಿ

ಹೊಸೂರು, ಮತ್ತಿಗಿರಿ, ತಳಿ ಕಡೆಯ ನಮ್ಮ ಎಷ್ಟೋ ಕುಟುಂಬಗಳಲ್ಲಿ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವವರಿದ್ದಾರೆ. "ನಾವು ಸ್ಕ್ರೂ ತಿರುಗಿಸುವವರು ಫಾದರ್, ಹೊಸದನ್ನು ಯೋಚಿಸುವ ತಲೆ ನಮಗೆಲ್ಲಿಂದ ಬರಬೇಕು?" ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಇದೇ ಹೊಸೂರಿನ ಟೈಟಾನ್ ಕಾರ್ಖಾನೆಯನ್ನೇ ನೋಡಿ. 1990ರ ದಶಕದಲ್ಲಿ ಅದರ ಮುಖ್ಯಸ್ಥರಾಗಿದ್ದ ಝರ್ಕ್ಸಿಸ್ ದೇಸಾಯಿಯವರು ಎಂಜಿನಿಯರುಗಳಿಗೆ ಏನಾದರೂ ಹೊಸತು ಮಾಡಿ ಎಂದು ಹೇಳಿ ಸುಮ್ಮನಾಗಲಿಲ್ಲ. ಜಗತ್ತಿನಲ್ಲೇ ಅತಿ ತೆಳ್ಳಗಿನ ಕೈಗಡಿಯಾರ ಎಂಬ ಒಂದೇ ಗುರಿ ಇಟ್ಟರು. ದಾರಿ ಹುಡುಕುವುದು ಅವರ ಪಾಲಿಗೆ. ವರ್ಷಗಳೇ ಹಿಡಿದವು. 2002ರಲ್ಲಿ 'ಎಡ್ಜ್' ಹೊರಬಂದಾಗ ಅದರ ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ್ದು ಕೇವಲ 1.15 ಮಿಲಿಮೀಟರ್!

ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ 'ಸೈಕೋ ಸೈಬರ್ನೆಟಿಕ್ಸ್' ಪುಸ್ತಕದ ಮುಖ್ಯ ವಿಚಾರವೂ ಇದೇ. ಗುರಿಯತ್ತ ಹೊರಟ ಟಾರ್ಪಿಡೊ ದಾರಿ ತಪ್ಪಿದಾಗಲೆಲ್ಲ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ಮನಸ್ಸೂ ಹಾಗೆಯೇ. ಆದರೆ ಗುರಿ ಮಸುಕಾಗಿದ್ದರೆ ಅದು ಎತ್ತ ಹೋದೀತು?

ಭಾನುವಾರದ ಪ್ರಬೋಧನೆಗೆ ನಾವು ಸೋಮವಾರವೇ ಶುಭಸಂದೇಶ ಓದಿ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇವೆ: ರಾತ್ರಿಪಾಳಿ ಮುಗಿಸಿ ನೇರ ಪೂಜೆಗೆ ಬಂದವನಿಗೆ ಇದರಲ್ಲಿ ಏನಿದೆ? ಆಮೇಲೆ ಬಿಟ್ಟುಬಿಡುತ್ತೇವೆ. ಉತ್ತರ ಮೇಜಿನ ಮುಂದೆ ಹೊಳೆಯುವುದು ಅಪರೂಪ. ಗುರುವಾರವೋ ಶುಕ್ರವಾರವೋ, ರೋಗಿಗೆ ಪರಮಪ್ರಸಾದ ಕೊಟ್ಟು ಸ್ಕೂಟರಿನಲ್ಲಿ ಮರಳುವಾಗ ಹೊಳೆಯುತ್ತದೆ. ಇದು ಪವಿತ್ರಾತ್ಮರ ಕೆಲಸವೋ ಮನಸ್ಸಿನದೋ ಎಂದು ಕೇಳುವವರಿದ್ದಾರೆ. ಮನಸ್ಸನ್ನು ಕೊಟ್ಟವರೂ ದೇವರೇ ಅಲ್ಲವೇ?

ಹೆತ್ತವರು ಗಮನಿಸಬೇಕಾದ್ದು ಇನ್ನೊಂದಿದೆ. ಗುರಿ ಒಳ್ಳೆಯದೋ ಕೆಟ್ಟದ್ದೋ ಎಂದು ಮನಸ್ಸು ವಿಚಾರಿಸುವುದಿಲ್ಲ. ಪಕ್ಕದ ಮನೆಯ ಹುಡುಗನಿಗಿಂತ ಒಂದು ಮಾರ್ಕು ಹೆಚ್ಚು ಬರಬೇಕು ಎಂಬುದನ್ನೇ ಮಗುವಿನ ತಲೆಗೆ ತುಂಬಿದರೆ, ಅದರ ಬುದ್ಧಿಯೆಲ್ಲ ಅಲ್ಲಿಗೇ ಓಡುತ್ತದೆ. ಕಾಪಿ ಹೊಡೆಯುವುದರಲ್ಲೂ ಮಕ್ಕಳು ಎಷ್ಟು ಹೊಸತನ ತೋರುತ್ತಾರೆಂದು ಶಿಕ್ಷಕರನ್ನು ಕೇಳಿ ನೋಡಿ.

ಹೋದ ಕ್ರಿಸ್ಮಸ್‌ಗೆ ಧರ್ಮೋಪದೇಶ ತರಗತಿಯ ಮಕ್ಕಳಿಗೆ, ಅಂಗಡಿಯಿಂದ ಏನೂ ಕೊಳ್ಳದೆ ಗೋದಲಿ ಕಟ್ಟಬೇಕು ಎಂದಷ್ಟೇ ಹೇಳಿದ್ದೆವು. ಎರಡು ದಿನ ಸುಮ್ಮನೆ ಕುಳಿತಿದ್ದರು. ಮೂರನೆಯ ದಿನ ಗುಲಾಬಿ ತುಂಬುವ ರಟ್ಟಿನ ಪೆಟ್ಟಿಗೆ ಗುಡ್ಡವಾಯಿತು, ರಾಗಿಹುಲ್ಲು ಮಾಡು ಆಯಿತು, ಹಳೇ ಸೈಕಲ್ ಟ್ಯೂಬು ಕತ್ತೆಯಾಯಿತು. ನಕ್ಷತ್ರವೊಂದನ್ನು ಮಾತ್ರ ಕೊಳ್ಳೋಣವೇ ಎಂದು ನಾವೇ ಕೇಳಿದೆವು. ಒಪ್ಪಲಿಲ್ಲ. ಬಿಸ್ಕತ್ತು ಪೊಟ್ಟಣದ ಒಳಗಿನ ಬೆಳ್ಳಿಬಣ್ಣವನ್ನು ಹೊರಗೆ ಮಾಡಿ ಆಗಲೇ ಕತ್ತರಿಸಿಟ್ಟಿದ್ದರು.