ಬಾಲಂಗೋಚಿ ಪುರಾಣ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಫೋನ್ ತೆರೆದರೆ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳ ಸುರಿಮಳೆ. ಕಳೆದ ವಾರಾಂತ್ಯ ನಾವು ನಾಲ್ಕು ಸಂಸಾರದವರು ಅರಿಜೋನಾದ ಮರುಭೂಮಿಯಲ್ಲಿ ಡೇರೆ ಹಾಕಿ ಬಂದೆವಲ್ಲ, ಅದರವು. ಬಂಡೆ ಇದೆ, ಸಾಗ್ವಾರೋ ಕಳ್ಳಿ ಇದೆ, ಕಳ್ಳಿಯ ಪಕ್ಕ ಅದರದೇ ಭಂಗಿಯಲ್ಲಿ ಕೈಯೆತ್ತಿ ನಿಂತ ಗಂಡಸರಿದ್ದಾರೆ. ನಮ್ಮ ಜೀಪಿನ ಫೋಟೋಗಳಂತೂ ಎದುರಿನಿಂದ, ಓರೆಯಾಗಿ, ಸೂರ್ಯಾಸ್ತದ ಸಮೇತ, ಬೇಕಾದಷ್ಟು. ಆದರೆ ಜೀಪಿನ ಹಿಂದಿದ್ದ ಟ್ರೇಲರ್ ಒಂದರಲ್ಲೂ ಇಲ್ಲ. ಇರಲಿಲ್ಲ ಅಂತಲ್ಲ, ಇತ್ತು, ಕತ್ತರಿಸಿದ್ದಾರೆ. ಒಂದು ಚಿತ್ರದ ಅಂಚಿನಲ್ಲಿ ಅರ್ಧ ಮಡ್‌ಗಾರ್ಡ್ ಉಳಿದುಕೊಂಡು ಸಾಕ್ಷಿ ಹೇಳುತ್ತಿದೆ. ಕೇಳಿದರೆ, 'ಫ್ರೇಮ್‌ಗೆ ಅಡ್ಡ ಬರ್ತಿತ್ತು' ಎಂಬ ಸಮಜಾಯಿಷಿ. ಈ ಮಹಾಶಯರು ಎರಡು ಸಲ ಹಾಕಿಸಿಕೊಂಡ ಬಿಸಿಬೇಳೆಬಾತಿನ ಕುಕ್ಕರ್, ಕೂತ ಕುರ್ಚಿ, ಹೊದ್ದ ರಜಾಯಿ, ಮಧ್ಯರಾತ್ರಿ ಹುಡುಕಿಸಿದ ಜೆಲುಸಿಲ್, ಎಲ್ಲವೂ ಬಂದದ್ದು ಆ ಅಡ್ಡ ಬರುವ ವಸ್ತುವಿನ ಹೊಟ್ಟೆಯಿಂದ.

ಕ್ಯಾಂಪಿಂಗಿಗೆ ಟ್ರೇಲರ್ ಯಾಕೆ, ಡಿಕ್ಕಿ ಸಾಲದೆ ಎಂಬುದಕ್ಕೆ ಉತ್ತರ ಎಲ್ಲರಿಗೂ ಗೊತ್ತು, ಬಿಡಿ. ನಮ್ಮದು ಸೈನ್ಯದ ಹಳೆಯ ಟ್ರೇಲರ್. ಮಿಲಿಟರಿಯದ್ದೇ ಯಾಕೆ ಎಂಬುದಕ್ಕೂ ಹೊಸ ಉತ್ತರವಿಲ್ಲ: ಗಟ್ಟಿ, ಎತ್ತರ, ಕಲ್ಲಿಗೆ ತಗುಲಿದರೆ ಕಲ್ಲಿಗೇ ನಷ್ಟ. ಅಗ್ಗ ಅಂತಲೂ ಒಂದು ಕಾಲಕ್ಕೆ ಹೇಳಬಹುದಿತ್ತು. ಈಗ 'ಮಿಲಿಟರಿ ಶೈಲಿ' ಎಂದು ಹೊಸ ತಗಡಿಗೆ ಹಸಿರು ಬಳಿದು, ಲೋಟ ಇಡುವ ಗೂಡು ಕೊರೆದು ಮಾರುವವರು ಬಂದಮೇಲೆ ಹಳೆಯದಕ್ಕೂ ಗರಿ ಮೂಡಿದೆ.

ನಮ್ಮದು ಎಂ-416. ಕಾಲು ಟನ್ನಿನ ಟ್ರೇಲರ್, ಅಂದರೆ 500 ಪೌಂಡ್ ಹೇರಬಹುದಾದದ್ದು. ಅದರ ಸ್ವಂತ ತೂಕವೇ ಅದಕ್ಕಿಂತ ಒಂದಿಷ್ಟು ಹೆಚ್ಚು. ಅಮೆರಿಕದ ಸೈನ್ಯ 1960ರಲ್ಲಿ ಬಳಕೆಗೆ ತಂದ ಎಂ-151 ಎಂಬ ಜೀಪಿಗೆ ಇದು ಜೋಡಿ. ಆ ಜೀಪಿಗೊಂದು ಖೋಡಿ ಇತ್ತು: ಜೋರಾಗಿ ತಿರುವು ತೆಗೆದುಕೊಂಡರೆ ಹಿಂದಿನ ಚಕ್ರಗಳು ಒಳಕ್ಕೆ ಮಡಚಿ ಗಾಡಿ ಪಲ್ಟಿ ಹೊಡೆಯುತ್ತಿತ್ತು. ಆದ್ದರಿಂದ ಸೇವೆ ಮುಗಿದಮೇಲೆ ಅವನ್ನು ಜನರ ಕೈಗೆ ಇಡಿಯಾಗಿ ಕೊಡುವ ಧೈರ್ಯ ಸರ್ಕಾರಕ್ಕೆ ಬರಲಿಲ್ಲ. ಹೆಚ್ಚಿನವನ್ನು ತುಂಡು ಮಾಡಿಯೇ ಗುಜರಿಗೆ ಹಾಕಿದರು. ಹಿಂದಿನ ಟ್ರೇಲರ್ ಮಾತ್ರ ಇಡಿಯಾಗಿ ಹರಾಜಿಗೆ ಬಂತು. ಮುಂದಿನವರು ತುಂಡಾಗಿ ಹಿಂದಿನವರು ಉಳಿದದ್ದು ನನಗೆ ಗೊತ್ತಿದ್ದಂತೆ ಇದೊಂದೇ ಸಲ.

ಇಲ್ಲಿ ನಾನು ಬ್ಯಾಂಟಮ್ ಕಂಪನಿಯ ಕತೆ ಹೇಳಲೇಬೇಕು. ಮನೆಯವರು ಇದನ್ನು ಕೇಳಿ ಕೇಳಿ ಎದ್ದುಹೋಗುತ್ತಾರೆ. ನೀವು ಸ್ವಲ್ಪ ಕೂರಿ. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನಲ್ಲಿ ಪುಟ್ಟ ಕಾರುಗಳನ್ನು ಮಾಡಿ, ಯಾರೂ ಕೊಳ್ಳದೆ, ಮುಳುಗಲು ಸಿದ್ಧವಾಗಿದ್ದ ಕಂಪನಿ ಅದು. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಚಕ್ರಕ್ಕೆ ಬಲವಿರುವ ಗಾಡಿಯೊಂದರ ಮಾದರಿಯನ್ನು 49 ದಿನದಲ್ಲಿ ಮಾಡಿಕೊಡಿ ಎಂದು ನೂರಕ್ಕೂ ಹೆಚ್ಚು ಕಂಪನಿಗಳನ್ನು ಕೇಳಿತು. ಅಷ್ಟರೊಳಗೆ ಆಗುತ್ತದೆ ಎಂದು ಒಪ್ಪಿದ್ದು ಬ್ಯಾಂಟಮ್ ಒಂದೇ. ಡೆಟ್ರಾಯಿಟ್ಟಿನಿಂದ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಬಂದು ಎರಡೇ ದಿನದಲ್ಲಿ ನಕ್ಷೆ ಎಳೆದ. ಸೆಪ್ಟೆಂಬರ್ 23ರಂದು, ಗಡುವಿಗೆ ಅರ್ಧ ಗಂಟೆ ಇರುವಾಗ, ಮೇರಿಲ್ಯಾಂಡಿನ ಹೋಲಬರ್ಡ್ ಶಿಬಿರಕ್ಕೆ ಗಾಡಿ ಓಡಿಸಿಕೊಂಡೇ ಬಂದರು. ಅದೇ ಜೀಪು. ಜಗತ್ತಿನ ಮೊದಲ ಜೀಪು.

ಆಮೇಲೆ? ಈ ಸಣ್ಣ ಕಂಪನಿಯ ಕೈಯಲ್ಲಿ ಲಕ್ಷಗಟ್ಟಲೆ ಆಗುವುದಿಲ್ಲ ಎಂದು ಸೈನ್ಯ ಇವರ ನಕ್ಷೆಗಳನ್ನೇ ವಿಲ್ಲಿಸ್‌ಗೂ ಫೋರ್ಡ್‌ಗೂ ತೋರಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಮೇಲೆ ಜೀಪು ಮಾಡಿದ್ದರು. ಬ್ಯಾಂಟಮ್ ಮಾಡಿದ್ದು ಮೂರು ಸಾವಿರಕ್ಕೂ ಕಡಿಮೆ. ಅದಕ್ಕೆ ಸಮಾಧಾನದ ಬಹುಮಾನವಾಗಿ ಸಿಕ್ಕ ಗುತ್ತಿಗೆ ಯಾವುದು ಗೊತ್ತೇ? ಜೀಪಿನ ಹಿಂದೆ ಕಟ್ಟುವ ಟ್ರೇಲರ್! ತಾನು ಹೆತ್ತ ಗಾಡಿ ಬೇರೆಯವರ ಹೆಸರಿನಲ್ಲಿ ಮುಂದೆ ಓಡುತ್ತಿದ್ದರೆ, ಅದರ ಬಾಲಕ್ಕೆ ಸಿಕ್ಕಿಸುವ ಪೆಟ್ಟಿಗೆಯನ್ನು ತಾನು ಬಡಿಯುವುದು. ಮತ್ತೆಂದೂ ಅವರು ಕಾರು ಮಾಡಲಿಲ್ಲ. ನಮ್ಮ ಎಂ-416 ಆ ಬ್ಯಾಂಟಮ್ ಟ್ರೇಲರಿನ ಮೊಮ್ಮಗ.

ಈ ಭಾಗಕ್ಕೆ ಬಂದಾಗ ನನಗೆ ಕರ್ಣ ನೆನಪಾಗದೆ ಇರುವುದಿಲ್ಲ. ಹಿರಿಯ ಮಗ ಇವನು, ಪಟ್ಟ ಇನ್ನೊಬ್ಬರಿಗೆ. ಪಂಪ ಕಾವ್ಯ ಕಟ್ಟಿದ್ದು ಅರ್ಜುನನ ನೆಪದಲ್ಲಿ ಅರಿಕೇಸರಿಯನ್ನು ಹೊಗಳುವುದಕ್ಕೆ. ಮನಸ್ಸು ಕೊಟ್ಟದ್ದು ಮಾತ್ರ ಕರ್ಣನಿಗೆ. ಡೆಟ್ರಾಯಿಟ್ಟಿನಲ್ಲಿ ಒಬ್ಬ ಪಂಪ ಹುಟ್ಟಿದ್ದರೆ ಬ್ಯಾಂಟಮ್‌ಗೂ ಒಂದು ಆಶ್ವಾಸ ಸಿಗುತ್ತಿತ್ತು.

ಕರ್ಣನ ವಿಷಯ ಬಂದರೆ ಹೂತುಹೋದ ಗಾಲಿಯ ವಿಷಯ ಬರಲೇಬೇಕು. ಚಿಕ್ಕಂದಿನಲ್ಲಿ ತಾಳಮದ್ದಳೆಯಲ್ಲಿ ಕರ್ಣಪರ್ವ ಕೇಳುತ್ತ ಕಣ್ಣೀರು ಸುರಿಸಿದ್ದೆ. ಈ ಮರಳುಗಾಡಿನ ಸಹವಾಸ ಹಿಡಿದಮೇಲೆ ಅದೇ ಪ್ರಸಂಗ ಬೇರೆ ಥರ ಕೇಳಿಸುತ್ತದೆ. ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ ಎಂದು ಕರ್ಣ ಹಟ ಹಿಡಿದ, ಶಲ್ಯ ಸಿಟ್ಟಾಗಿ ರಥ ಇಳಿದು ಹೊರಟೇಹೋದ. ಸರಿ, ಹೋಗಲಿ. ಆದರೆ ಒಂದೇ ಗಾಡಿಯಲ್ಲಿ ಒಬ್ಬನೇ ದಾರಿಯಿಲ್ಲದ ಕಡೆ ಹೋಗಬಾರದು ಎಂಬುದು ಇಲ್ಲಿ ಹರೆಯದ ಹುಡುಗರಿಗೂ ಗೊತ್ತಿರುವ ಮೊದಲ ಪಾಠ. ಹದಿನೇಳು ದಿನ ಆನೆ, ಕುದುರೆ, ಕಾಲಾಳು ತುಳಿದ ನೆಲ. ಅಲ್ಲಿ ಗಾಲಿ ಇಳಿಯುವುದಕ್ಕೆ ಬ್ರಾಹ್ಮಣನ ಶಾಪವೇ ಬೇಕಿರಲಿಲ್ಲ. ಒಂದು ಸಲಿಕೆ ಇತ್ತೇ? ಗಾಲಿಯಡಿಗೆ ಕೊಡಲು ಎರಡು ಹಲಗೆ? ನಾವು ಮರಳಿಗೆ ಇಳಿಯುವ ಮೊದಲು ಟೈರಿನ ಗಾಳಿಯನ್ನು 35 ಪಿಎಸ್‌ಐನಿಂದ 15ರ ಆಸುಪಾಸಿಗೆ ಇಳಿಸುತ್ತೇವೆ. ಟೈರು ಮಣ್ಣಿನ ಮೇಲೆ ಪಾದ ಊರಿದ ಹಾಗೆ ಅಗಲವಾಗುತ್ತದೆ. ಮರದ ಗಾಲಿಯಲ್ಲಿ ಯಾವ ಗಾಳಿ ಬಿಡುವುದು ಪಾಪ. ಇದನ್ನೆಲ್ಲ ಒಮ್ಮೆ ಕನ್ನಡ ಕೂಟದಲ್ಲಿ ಗಂಭೀರವಾಗಿ ಹೇಳಿದ್ದಕ್ಕೆ ಹಿರಿಯರೊಬ್ಬರು ಬೇಜಾರು ಮಾಡಿಕೊಂಡರು. ನಾನು ಕರ್ಣನ ಪಕ್ಷವೇ ಸ್ವಾಮಿ. ಪಕ್ಷ ಆದ್ದರಿಂದಲೇ ಸಲಿಕೆಯ ಚಿಂತೆ.

ಇನ್ನು ನಮ್ಮ ಟ್ರೇಲರಿನ ರಿಪೇರಿ. ಅದಕ್ಕೂ ಮೊದಲು ಕಾಗದಪತ್ರ. ಸರ್ಕಾರದಿಂದ ನೇರವಾಗಿ ಕೊಂಡರೆ ಎಸ್‌ಎಫ್-97 ಎಂಬ ಕಾಗದ ಕೊಡುತ್ತಾರೆ. ಅದನ್ನು ತೋರಿಸಿ ಒಡೆತನದ ಪತ್ರ ಮಾಡಿಸಿಕೊಳ್ಳಬೇಕು. ನಮ್ಮದು ಒಬ್ಬ ರೈತರ ಕೊಟ್ಟಿಗೆಯಲ್ಲಿ ಒಣಹುಲ್ಲು ಹೊತ್ತುಕೊಂಡು ಇದ್ದದ್ದು. ಕಾಗದ ಯಾವ ಕಾಲದಲ್ಲೋ ಕಾಣೆ. ನೋಂದಣಿಯ ಕಿಟಕಿಗಳ ಮುಂದೆ ನಿಂತ ಕತೆಯನ್ನು ಹೇಳಿ ನಿಮ್ಮ ಊಟ ಕೆಡಿಸುವುದಿಲ್ಲ.

ದೀಪದ ವಿಷಯ ಮಾತ್ರ ಹೇಳಬೇಕು. ಸೈನ್ಯದ ಗಾಡಿಗಳ ವಿದ್ಯುತ್ತು 24 ವೋಲ್ಟಿನದು, ಊರ ಜೀಪಿನದು 12. ಜೋಡಿಸಿದರೆ ದೀಪಗಳು ಅನಾರೋಗ್ಯದಿಂದ ಮಿಣಮಿಣ ಅನ್ನುತ್ತವೆ. ಅದೂ ಅಲ್ಲದೆ, ಒಂದು ಜೊತೆ ದೀಪ ಇರುವುದೇ ಕಾಣಿಸದಿರಲಿಕ್ಕೆ. ಕತ್ತಲಲ್ಲಿ ಹಿಂದಿನ ಗಾಡಿಯವನಿಗಷ್ಟೇ ಕಂಡು, ಮೇಲೆ ಹಾರುವ ವಿಮಾನಕ್ಕೆ ಕಾಣದ ಹಾಗೆ ಸಣ್ಣ ಸೀಳಿನಲ್ಲಿ ಉರಿಯುವ ದೀಪಗಳು. ಹೆದ್ದಾರಿ ಪೊಲೀಸರ ಅಪೇಕ್ಷೆ ಇದಕ್ಕೆ ಪೂರಾ ಉಲ್ಟಾ. ಎಲ್ಲ ಕಿತ್ತು ಎಲ್‌ಇಡಿ ಹಾಕಿದ್ದಾಯಿತು. ಆ ಕಾಣದ ದೀಪಗಳನ್ನು ಎಸೆಯಲು ಮನಸ್ಸಾಗದೆ ಒಂದನ್ನು ಪೂಜೆ ಕೋಣೆಗೆ ಹಾಕೋಣವೆಂದಿದ್ದೆ, ತಡೆಯಾಜ್ಞೆ ಬಂತು.

ಬಣ್ಣ ಕೆರೆಯುವಾಗ ಎಚ್ಚರ ಬೇಕು. 1980ರ ದಶಕದಿಂದ ಈಚೆಗೆ ಸೈನ್ಯ ಬಳಿಯುವುದು ವಿಷರಾಸಾಯನಿಕ ಒಳಗಿಳಿಯದಂಥ ಬಣ್ಣ. ಹಳೆಯ ಪ್ರೈಮರ್‌ಗಳಲ್ಲಿ ಸೀಸ, ಕ್ರೋಮಿಯಂ ಕೂಡ ಇರಬಹುದು. ಒಣಗಿದ್ದನ್ನು ಗ್ರೈಂಡರ್ ಹಿಡಿದು ಉಜ್ಜಿದರೆ ಆ ಧೂಳು ನೇರ ಶ್ವಾಸಕೋಶಕ್ಕೆ. ಮುಖಕ್ಕೆ ಮಾಸ್ಕ್ ಹಾಕಿಕೊಂಡು, ನೀರು ಹಾಕಿ, ಕೈಯಲ್ಲೇ ಉಜ್ಜಬೇಕು. ಹಸಿರಿನ ಕೆಳಗೆ ಇನ್ನೊಂದು ಹಸಿರು, ಅದರ ಕೆಳಗೂ ಹಸಿರೇ. ಹಾಗೆ ಉಜ್ಜುತ್ತ ತೊಟ್ಟಿಯ ತಳಕ್ಕೆ ಇಳಿದಾಗ ಸಿಕ್ಕವು ಎರಡು ಬಿರಡೆಗಳು. ಮುಷ್ಟಿಯಷ್ಟು ದಪ್ಪ, ತುಕ್ಕು ಹಿಡಿದು ನೆಲಕ್ಕೆ ಅಂಟಿಹೋಗಿದ್ದವು. ಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಸಿ, ಪೈಪ್ ವ್ರೆಂಚು ಹಾಕಿ ಜಗ್ಗಿದಮೇಲೆ ಕಿರ್ರೆಂದು ತಿರುಗಿದವು. ಬರಿಯ ತೂತಲ್ಲ ಅದು. ಈ ತೊಟ್ಟಿಗೆ ಎಲ್ಲೂ ಸಂದಿಯಿಲ್ಲ, ಬಾಗಿಲಿಲ್ಲ. ಹೊಳೆ ಬಂದರೆ ಬಿರಡೆ ಮುಚ್ಚಿ ನೀರಿಗೆ ತಳ್ಳಿದರೆ ದೋಣಿಯಾಗಿ ತೇಲುತ್ತದೆ. ಬ್ಯಾಂಟಮ್‌ನವರ ಕಾಲದಿಂದ ಬಂದ ಜಾಣತನ ಇದು. ಅವರ ಜೀಪಿಗೆ ತೇಲಲು ಬರುತ್ತಿರಲಿಲ್ಲ, ನೆನಪಿಡಿ. ಮಳೆಯೇ ಅಪರೂಪವಾದ ಈ ಊರಿನಲ್ಲಿ ತೇಲುವ ಟ್ರೇಲರ್ ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಪಕ್ಕದ ಮನೆಯವರು ಕೇಳಿದರು. ಐಸು ತುಂಬಿ ಅದರಲ್ಲಿ ಕಲ್ಲಂಗಡಿ ಇಡುತ್ತೇವೆ, ಕೊನೆಗೆ ಬಿರಡೆ ಎಳೆದರೆ ನೀರು ಕಳ್ಳಿಗೆ.

ಉಳಿದದ್ದು ಬೇಗ ಮುಗಿಯಿತು. ಸೈನ್ಯದ ಕೊಂಡಿ ಎಂದರೆ ಜೀಪಿನ ಹುಕ್ಕಿಗೆ ಟ್ರೇಲರಿನ ದಪ್ಪ ಉಂಗುರ ಸಿಕ್ಕಿಸುವುದು. ಎಷ್ಟು ಹಳ್ಳದಿಣ್ಣೆಯಲ್ಲಿ ಹೊರಳಿದರೂ ಬಿಡದು, ಆದರೆ ಪ್ರತಿ ಬ್ರೇಕಿಗೂ ಠಣ್ ಅನ್ನುತ್ತದೆ. ಕೆಲವರು ಸದ್ದಿಲ್ಲದ ಹೊಸ ಕೊಂಡಿ ಹಾಕಿಸುತ್ತಾರೆ. ನನಗೆ ಆ ಠಣತ್ಕಾರ ಇಷ್ಟ, ಹಿಂದಿನವರು ಇದ್ದಾರೆ ಎಂದು ತಿಳಿಯುತ್ತಿರುತ್ತದೆ. ಚಕ್ರದ ಐದು ಬೋಲ್ಟುಗಳು ಕೂರುವುದು ಐದೂವರೆ ಇಂಚಿನ ವೃತ್ತದಲ್ಲಿ, ನಮ್ಮ ರ‍್ಯಾಂಗ್ಲರ್‌ನದು ಐದು ಇಂಚಿನಲ್ಲಿ. ಅರ್ಧ ಇಂಚಿನ ಹಟಕ್ಕಾಗಿ ಎರಡಕ್ಕೂ ಬೇರೆ ಬೇರೆ ಸ್ಟೆಪ್ನಿ ಹೊರಬೇಕು, ಇಲ್ಲವೇ ಹಬ್ ಬದಲಿಸಬೇಕು. ಬದಲಿಸಿದೆವು. ಅಡಿಯ ಪಟ್ಟಾಗಳಂತೂ ಮದ್ದುಗುಂಡಿನ ಭಾರಕ್ಕೆ ಮಾಡಿದವು. ಹಾಸಿಗೆ, ಹಪ್ಪಳಕ್ಕೆಲ್ಲ ಅವು ಬಗ್ಗುವುದೇ ಇಲ್ಲ. ಕಚ್ಚಾ ರಸ್ತೆಯಲ್ಲಿ ಗಾಡಿ ಕುಣಿದು ಮೊಟ್ಟೆಗಳೆಲ್ಲ ತಾವೇ ಆಮ್ಲೆಟ್ ಆಗುತ್ತವೆ. ಒಂದೆರಡು ಪಟ್ಟಾ ತೆಗೆಸಿದರೆ ಸಮಾಧಾನ.

ಹೇರುವುದರಲ್ಲಿ ಒಂದು ಶಿಸ್ತಿದೆ. ಒಟ್ಟು ಭಾರದ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಕೊಂಡಿಯ ಮೇಲೆ ಬೀಳುವಂತಿರಬೇಕು. ಹಿಂದೆ ಭಾರವಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಆಡಿಸಿ ಜೀಪನ್ನೇ ಅಲ್ಲಾಡಿಸುತ್ತದೆ. ಎಲ್ಲಕ್ಕಿಂತ ಭಾರ ನೀರು. ಅದಕ್ಕೆ ಅಚ್ಚಿನ ಮುಂದೆಯೇ ಜಾಗ, 20 ಲೀಟರಿನ ಜೆರ‍್ರಿ ಕ್ಯಾನ್‌ಗಳ ಸಾಲು.

ಆ ಡಬ್ಬದ ತಲೆಯ ಮೇಲೆ ಮೂರು ಹಿಡಿಕೆ ಇರುವುದನ್ನು ನೀವು ನೋಡಿರಬಹುದು. ಯಾಕೆ ಮೂರು? ತುಂಬಿದ್ದನ್ನು ಒಬ್ಬ ಎತ್ತುವುದಾದರೆ ನಡುವಿನದು. ಇಬ್ಬರು ಹಂಚಿಕೊಂಡು ಹೊರುವುದಾದರೆ ಅಕ್ಕಪಕ್ಕದವು. ಖಾಲಿಯಾದರೆ ಎರಡು ಡಬ್ಬಗಳ ಅಂಚಿನ ಹಿಡಿಕೆ ಸೇರಿಸಿ ಒಂದೇ ಕೈಯಲ್ಲಿ, ಹಾಗೆ ಎರಡೂ ಕೈಗೆ ನಾಲ್ಕು. 1930ರ ದಶಕದಲ್ಲಿ ಜರ್ಮನರು ಮಾಡಿದ್ದು. ಆಫ್ರಿಕಾದ ಮರುಭೂಮಿಯಲ್ಲಿ ಬ್ರಿಟಿಷರ ತಗಡಿನ ಡಬ್ಬಗಳು ಸೋರಿ ಸೋರಿ ಪೆಟ್ರೋಲೆಲ್ಲ ಮರಳಿನ ಪಾಲಾಗುತ್ತಿದ್ದಾಗ, ಅವರು ಶತ್ರುವಿನ ಡಬ್ಬ ಸಿಕ್ಕರೆ ಬಿಡದೆ ಇಟ್ಟುಕೊಳ್ಳುತ್ತಿದ್ದರು. ಜರ್ಮನರಿಗೆ ಅವರಿಟ್ಟ ಅಡ್ಡಹೆಸರೇ ಡಬ್ಬಕ್ಕೂ ಅಂಟಿತು. ಅಮೆರಿಕನ್ನರು ನಕಲು ಮಾಡುವಾಗ ಹಿಡಿಕೆ ಉಳಿಸಿಕೊಂಡರು. ಸೋರದ ಬೆಸುಗೆಯನ್ನೂ ಬೆರಳಲ್ಲೇ ತೆರೆಯುವ ಮುಚ್ಚಳವನ್ನೂ ಬಿಟ್ಟು, ಸ್ಪ್ಯಾನರೂ ಆಲಿಕೆಯೂ ಬೇಕಾಗುವ ಹಾಗೆ ಸುಧಾರಿಸಿದರು.

ಹೊತ್ತು ಗೊತ್ತಿದ್ದವನು ಮಾಡಿದ ಪಾತ್ರೆಗೂ ಮೇಜಿನ ಮುಂದೆ ಕೂತವನು ಮಾಡಿದ್ದಕ್ಕೂ ಇರುವ ವ್ಯತ್ಯಾಸ ಇದು ಅನ್ನಿಸುವಾಗ ನಮ್ಮ ಕೊಡ ನೆನಪಾಗುತ್ತದೆ. ಅದಕ್ಕೆ ಒಂದೂ ಹಿಡಿಕೆಯಿಲ್ಲ. ಕಂಠ ಸಣ್ಣದು, ನೀರು ತುಳುಕದ ಹಾಗೆ. ಬಾಯ ಅಂಚು ಹೊರಕ್ಕೆ ಮಡಚಿದೆ, ಬೆರಳಿಗೂ ಆಯಿತು, ಬಾವಿ ಹಗ್ಗದ ಕುಣಿಕೆಗೂ ಆಯಿತು. ತಾಮ್ರ ಹೋಗಿ ಹಿತ್ತಾಳೆ, ಸ್ಟೀಲು, ಕೊನೆಗೆ ಪ್ಲಾಸ್ಟಿಕ್ ಬಂದರೂ ಆಕಾರ ಹಾಗೇ ಇದೆ. ಪ್ಲಾಸ್ಟಿಕ್ಕಿನವನು ಮನಸ್ಸು ಮಾಡಿದ್ದರೆ ಲಾರಿಯಲ್ಲಿ ಒತ್ತೊತ್ತಾಗಿ ಜೋಡಿಸುವಂಥ ಚೌಕದ ಕೊಡ ಮಾಡಬಹುದಿತ್ತು. ಮಾಡಲಿಲ್ಲ; ಸೊಂಟ ಚೌಕವಾಗಿಲ್ಲವಲ್ಲ. ಮುಂದಿನ ಸಲ ಟ್ರೇಲರಿನಲ್ಲಿ ಒಂದು ಕೊಡ ಇಟ್ಟು ನೋಡಬೇಕೆಂದಿದ್ದೇನೆ. ಉರುಳದಿರಲು ಸಿಂಬೆ ಬೇಕು. ಬಟ್ಟೆ ಸುತ್ತಿದ ಸಿಂಬೆ ಆ ಕುಲುಕಾಟಕ್ಕೆ ತಡೆದೀತೋ, ಹಳೆಯ ಟೈರಿನದೇ ಮಾಡಬೇಕೋ, ಸಂಜೆ ಊರಿಗೆ ಫೋನ್ ಮಾಡಿದಾಗ ಅಮ್ಮನನ್ನು ಕೇಳಬೇಕು.