ಗಾಜಿನ ಒಳಮೈ

ಕಾಖಂಡಕಿಗೆ ಹೋಗುವಾಗ ನಾನು ವಿಜಯಪುರ ಬಿಡುವುದು ಹೆಚ್ಚಾಗಿ ಇಳಿಹೊತ್ತಿನಲ್ಲೇ. ಸಾರವಾಡದ ದಾರಿ ನನಗೆ ಇಷ್ಟ. ಹರಿದಾಸ ಮಹಿಪತಿದಾಸರು ವಿಜಯಪುರದ ಆದಿಲ್‌ಶಾಹಿ ದರ್ಬಾರಿನ ಹುದ್ದೆ ಬಿಟ್ಟು, ಸಾರವಾಡದ ಭಾಸ್ಕರಸ್ವಾಮಿಗಳಲ್ಲಿ ಗುರುವನ್ನು ಕಂಡು, ಕಾಖಂಡಕಿಯಲ್ಲಿ ನೆಲೆನಿಂತರು. ಅವರ ಬದುಕಿನ ಮೂರು ಊರುಗಳೂ ಈ ಒಂದೇ ಪ್ರಯಾಣದಲ್ಲಿ ಸಿಗುತ್ತವೆ.

ಅಂದು ಚಳಿಗಾಲದ ಸಂಜೆ. ಸೂರ್ಯ ನೈಋತ್ಯಕ್ಕೆ ಇಳಿದು ನೇರ ಕಣ್ಣಿಗೆ ಹೊಡೆಯುತ್ತಿದ್ದ. ಒಂದು ತಿರುವಿನಲ್ಲಿ ಮುಂದಿನ ಗಾಜು ಪೂರ್ತಿ ಬೆಳ್ಳಗಾಯಿತು. ಬೇವಿನ ಮರದ ನೆರಳು ಬಿದ್ದ ಕ್ಷಣಕ್ಕೆ ಕಂಡದ್ದು ಕಬ್ಬಿನ ಟ್ರ್ಯಾಕ್ಟರ್. ಎರಡು ಟ್ರೇಲರ್ ತುಂಬ ಕಬ್ಬು, ಹಿಂದೆ ಕೆಂಪು ದೀಪವಿಲ್ಲ. ಬ್ರೇಕ್ ತುಳಿದು ಗಾಡಿಯನ್ನು ಬದಿಗೆ ನಿಲ್ಲಿಸಿದಾಗ ಕೈ ನಡುಗುತ್ತಿತ್ತು.

‘ಮುಂಜಾನಿನೇ ಗಾಜು ತೊಳದೀನಲ್ಲ ಮಾವಾ’ ಎಂದೆ. ಪಕ್ಕದಲ್ಲಿದ್ದ ಸೋದರಮಾವ ಮಾತಾಡದೆ ಗಾಜಿನ ಒಳಮೈ ಮೇಲೆ ಬೆರಳೆಳೆದರು. ಗೆರೆ ಮೂಡಿತು. ‘ಕಾರಹುಣ್ಣಿವಿಗೆ ಎತ್ತಿನ ಮೈ ತೊಳಿಯೂವಾಗ ಹೊಟ್ಟಿ ಕೆಳಗ ಬಿಡ್ತೀವೇನೋ ತಮ್ಮಾ?’

ಕಾಖಂಡಕಿಯವರು ಇದನ್ನು ಹೇಳಬಲ್ಲರು. ಕಾರಹುಣ್ಣಿಮೆಯಲ್ಲಿ ಎತ್ತು ಓಡಿಸುವ ಕರಿಗೆ ಹೆಸರಾದ ಊರದು. ಕೊಂಬಿಗೆ ಬಣ್ಣ ಬಳಿಯುವ ಮೊದಲು ಗೊರಸಿನ ಸಂದಿಯವರೆಗೂ ಕೈಯಾಡಿಸಿ ತೊಳೆಯುವ ಒಕ್ಕಲುತನದ ಕಣ್ಣು ಮಾವನದು. ನಾನು ಹೊರಗಿನ ಎರಿಮಣ್ಣನ್ನಷ್ಟೇ ತೊಳೆದಿದ್ದೆ.

ಒಳಗಿನ ಮಸುಕಿನ ಬೇರು ಬೇರೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಗಾಡಿಯೊಳಗೆ ಇನ್ನೂ ಹೆಚ್ಚು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಮೆತ್ತಗಿರಲೆಂದು ಸೇರಿಸಿದ ಎಣ್ಣೆಯಂಥ ಪದಾರ್ಥ ಕಾವಿಗೆ ಆವಿಯಾಗಿ ಗಾಜಿಗೆ ಅಂಟುತ್ತದೆ. ಉಸಿರಿನ ತೇವ, ದೇವರ ಮೂರ್ತಿಗೆ ಹಚ್ಚಿದ ಊದಿನಕಡ್ಡಿಯ ಹೊಗೆ, ಕೈಬೆರಳಿನ ಜಿಡ್ಡು ಅದರ ಮೇಲೆ ಕೂಡುತ್ತವೆ. ಮಧ್ಯಾಹ್ನ ಈ ಜಿಡ್ಡಿನ ಪದರ ಕಾಣದು. ಎದುರು ಬಿಸಿಲು ಬಿದ್ದಾಗ ಆ ಪದರ ಬೆಳಕನ್ನೆಲ್ಲ ಚೆದುರಿಸಿ ಪರದೆಯಾಗುತ್ತದೆ.

ದಾರಿಯಲ್ಲೇ ಟವೆಲ್ಲು ಒದ್ದೆ ಮಾಡಿ ಒರೆಸಿದೆ. ಜಿಡ್ಡು ಅಲ್ಲಿಂದಿಲ್ಲಿಗೆ ಸರಿದು ಬಿಲ್ಲಿನಾಕಾರದ ಗೆರೆಗಳಾದವು. ಬಾಟಲಿಯಲ್ಲಿದ್ದದ್ದು ಬೋರಿನ ಸವಳು ನೀರು. ಆರಿದ ಮೇಲೆ ಉಪ್ಪಿನ ಬಿಳಿ ಕಲೆ ಬೇರೆ. ಸೂರ್ಯ ಮುಳುಗುವವರೆಗೆ ಅಲ್ಲೇ ಕೂತೆವು.

ಮರುದಿನ ಊರಲ್ಲಿ ಬಾಡಿಗೆ ಗಾಡಿ ಓಡಿಸುವ ಹಿರಿಯರೊಬ್ಬರು ಕಲಿಸಿಕೊಟ್ಟರು. ಗಾಡಿ ನೆರಳಲ್ಲಿರಬೇಕು, ಗಾಜು ತಣ್ಣಗಿರಬೇಕು. ಕಾದ ಗಾಜಿನ ಮೇಲೆ ನೀರು ಒರೆಸುವ ಮೊದಲೇ ಆರಿ ಗೆರೆ ಬಿಡುತ್ತದೆ. ನೀರು ಬ್ಯಾಟರಿಗೆ ಹಾಕುವಂಥದ್ದು, ಉಪ್ಪಿಲ್ಲದ್ದು. ಜಿಡ್ಡು ಬಿಡಿಸಲು ಒಂದು ಲೋಟಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಹೆಚ್ಚಾದರೆ ಸೋಪೇ ಕಲೆಯಾಗುತ್ತದೆ. ಸಿಂಪಡಿಸುವುದು ಗಾಜಿಗಲ್ಲ, ಬಟ್ಟೆಗೆ. ಬಟ್ಟೆ ಎರಡು ಬೇಕು: ಒದ್ದೆಯದು ಜಿಡ್ಡು ತೆಗೆಯಲು, ಒಣಗಿದ್ದು ತಕ್ಷಣ ತಿಕ್ಕಲು. ಅವರದು ಹಲವು ಸಲ ಒಗೆದು ನವುರಾದ ಧೋತರದ ತುಂಡು. ನಾನು ಈಗ ಮೈಕ್ರೋಫೈಬರ್ ಬಳಸುತ್ತೇನೆ, ಆದರೆ ಧೋತರ ಯಾವುದಕ್ಕೂ ಕಡಿಮೆಯಲ್ಲ.

ನನಗೆ ತುಂಬ ಹಿಡಿಸಿದ್ದು ಇದು: ಒಳಗೆ ಮೇಲಿಂದ ಕೆಳಕ್ಕೆ, ಹೊರಗೆ ಎಡದಿಂದ ಬಲಕ್ಕೆ ಒರೆಸಬೇಕು. ಗೆರೆ ಉಳಿದರೆ ಅದು ಯಾವ ಮೈಯದೆಂದು ಅಲ್ಲೇ ತಿಳಿಯುತ್ತದೆ. ಬದಿಯ ಗಾಜನ್ನು ಎರಡು ಬೆರಳು ಇಳಿಸಿ ಮೇಲಂಚು ಒರೆಸಬೇಕು. ಮುಂದಿನ ಗಾಜಿನ ಕೆಳಮೂಲೆಗೆ ಅಂಗೈ ಹೋಗದು, ಮುಂಗೈ ತಿರುವಿದರೆ ಹೋಗುತ್ತದೆ. ಹಿಂದಿನ ಗಾಜಿನಲ್ಲಿ ಮಂಜು ಕರಗಿಸುವ ತಂತಿಗೆರೆಗಳಿದ್ದರೆ ಅವುಗಳ ಉದ್ದಕ್ಕೇ ಕೈಯಾಡಿಸಬೇಕು.

ಇಷ್ಟಕ್ಕೆ ಬೇಕಾದದ್ದು ಒಂದು ಚಹಾದ ಹೊತ್ತು. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಸಂಜೆ ಈ ಕಡೆ ಹೊರಡುವವರು, ಕೀಲಿ ತಿರುಗಿಸುವ ಮೊದಲು ಗಾಜಿನ ಒಳಮೈ ಮೇಲೆ ಒಮ್ಮೆ ಬೆರಳೆಳೆದು ನೋಡಿ. ಗೆರೆ ಮೂಡಿದರೆ ಒರೆಸಿಯೇ ಹೊರಡಿ.