ಹೆಪ್ಪುಗಟ್ಟಿದ ಸರೋವರದ ಮೇಲಿನ ಹಾದಿ

ಮಂಗೋಲಿಯಾ ದೇಶದ ಉತ್ತರದ ಅಂಚಿನಲ್ಲಿ, ರಷ್ಯದ ಗಡಿಗೆ ಸಮೀಪವಾಗಿ, ಪರ್ವತಗಳ ನಡುವೆ ಖುವ್ಸ್‌ಗುಲ್ ಎಂಬ ಮಹಾಸರೋವರವಿದೆ. ಸಮುದ್ರಮಟ್ಟದಿಂದ 1,645 ಮೀಟರ್ ಎತ್ತರದಲ್ಲಿರುವ ಇದರ ಉದ್ದ 136 ಕಿಲೋಮೀಟರ್. ಅತ್ಯಂತ ಆಳವಾದ ಕಡೆ 262 ಮೀಟರ್ ನೀರು. ಆ ದೇಶದ ಸಿಹಿನೀರಿನ ಬಹುಪಾಲು ಇದೊಂದರಲ್ಲಿಯೇ ಸಂಗ್ರಹವಾಗಿದೆ. ಅಲ್ಲಿಯ ಜನ ಇದನ್ನು 'ದಲಾಯ್ ಏಜ್', ಅಂದರೆ ಸಾಗರಮಾತೆ, ಎಂದು ಕರೆಯುತ್ತಾರೆ. ನೀರನ್ನು ಹಾಗೆಯೇ ಮೊಗೆದು ಕುಡಿಯುವ ರೂಢಿಯೂ ಉಂಟು.

ನಾವು ಅಲ್ಲಿಗೆ ಹೋದದ್ದು ಮಾರ್ಚ್ ತಿಂಗಳ ಆರಂಭದಲ್ಲಿ. ನಮ್ಮ ನಾಡಿನಲ್ಲಿ ಬಿಸಿಲು ಏರತೊಡಗುವ ಆ ದಿನಗಳಲ್ಲಿ ಅಲ್ಲಿ ನೀರಿನ ಮೇಲೆ ಒಂದು ಮೀಟರಿಗೂ ಮಿಗಿಲಾದ ಮಂಜುಗಡ್ಡೆ. ದಕ್ಷಿಣದ ತುದಿಯ ಖತ್ಗಲ್ ಎಂಬ ಊರಿನ ಬಳಿ ಕುದುರೆ ಹೂಡಿದ ಜಾರುಬಂಡಿಯಲ್ಲಿ ಕುಳಿತು ಆ ಗಾಜಿನ ಬಯಲಿಗೆ ಇಳಿದೆವು. ಕಾಲ ಕೆಳಗೆ ಕಪ್ಪು ನೀರಿನ ಆಳ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ಕೋವಿ ಹಾರಿದಂತಹ ಸದ್ದು ಕೇಳಿ ನಮ್ಮವರೆಲ್ಲ ಬೆಚ್ಚಿದರು. ಬಂಡಿಯವನು ಮಾತ್ರ ನಕ್ಕನು. ಹಗಲಿರುಳಿನ ಉಷ್ಣತೆಯ ಏರಿಳಿತದಿಂದ ಗಡ್ಡೆ ಹಿಗ್ಗಿ ಕುಗ್ಗಿ ಬಿರಿಯುವ ಧ್ವನಿಯದು. ಚಳಿಗಾಲದಲ್ಲಿ ಅದು ಅಲ್ಲಿಯವರಿಗೆ ನಿತ್ಯದ ಸಂಗತಿ.

ಹಿಂದೆ ಸೋವಿಯೆತ್ ಒಕ್ಕೂಟದಿಂದ ಬರುತ್ತಿದ್ದ ಇಂಧನವನ್ನು ಉತ್ತರದ ಖಾಂಖ್ ಊರಿನಿಂದ ಖತ್ಗಲ್‌ಗೆ ಬೇಸಿಗೆಯಲ್ಲಿ ಹಡಗಿನಲ್ಲಿಯೂ ಚಳಿಗಾಲದಲ್ಲಿ ಗಡ್ಡೆಯ ಮೇಲೆ ಲಾರಿಗಳಲ್ಲಿಯೂ ಸಾಗಿಸುತ್ತಿದ್ದರು. ಆ ಕಾಲದಲ್ಲಿ ಲಾರಿ ನಡೆಸಿದ ಹಿರಿಯರೊಬ್ಬರನ್ನು ದುಭಾಷಿಯ ಮೂಲಕ ಮಾತನಾಡಿಸಿದೆವು. ಬಾಗಿಲನ್ನು ತೆರೆದಿಟ್ಟೇ ಲಾರಿ ಓಡಿಸುತ್ತಿದ್ದೆವು ಎಂದರು. ಹೊರಗೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿ, ಒಳಗೆ ತೆರೆದ ಬಾಗಿಲು! ನೀರು ಬಾಯ್ದೆರೆದರೆ ಹಾರಿಕೊಳ್ಳಲು ಕ್ಷಣಮಾತ್ರದ ಅವಕಾಶ. ಮುಚ್ಚಿದ ಬಾಗಿಲು ಆಗ ನೀರಿನ ಒತ್ತಡಕ್ಕೆ ತೆರೆದುಕೊಳ್ಳುವುದಿಲ್ಲ.

ಅವರ ಮಾತುಗಳಿಂದ ನಮಗೆ ತಿಳಿದುಬಂದ ವಿಚಿತ್ರವೆಂದರೆ, ಕಣ್ಣು ಹೆದರುವ ಕಡೆ ಅಪಾಯ ಕಡಿಮೆ, ಕಣ್ಣು ನಂಬುವ ಕಡೆಯೇ ಹೆಚ್ಚು. ಕಪ್ಪಾಗಿ ಪಾರದರ್ಶಕವಾಗಿ ಕಾಣುವ ಗಡ್ಡೆಯೇ ಬಲವಾದದ್ದು. ಬೆಳ್ಳಗೆ ಹಿಮ ಹಾಸಿದ ನೆಲವನ್ನು ಕಂಡರೆ ನಮ್ಮಂತಹವರಿಗೆ ಧೈರ್ಯ ಬರುತ್ತದೆ; ಆದರೆ ಹಿಮವು ಕಂಬಳಿಯಂತೆ ಚಳಿಯನ್ನು ತಡೆಯುವುದರಿಂದ ಅದರಡಿಯ ಗಡ್ಡೆ ತೆಳುವಾಗಿಯೇ ಉಳಿದಿರಬಹುದು. ತೊರೆಗಳು ಬಂದು ಸೇರುವ ಕಡೆ, ಖತ್ಗಲ್ ಬಳಿ ಏಗ್ ನದಿ ಹೊರಬೀಳುವ ಕಡೆ, ಹರಿವಿನಿಂದಾಗಿ ಗಡ್ಡೆ ನಂಬಿಕೆಗೆ ಯೋಗ್ಯವಲ್ಲ.

ವೇಗದ ವಿಚಾರ ಇನ್ನೂ ಸೂಕ್ಷ್ಮ. ಲಾರಿಯ ಭಾರಕ್ಕೆ ಗಡ್ಡೆ ತುಸು ಬಾಗಿ, ಕೆಳಗಿನ ನೀರಿನಲ್ಲಿ ಅಲೆಯೊಂದು ಎದ್ದು ಲಾರಿಯೊಡನೆ ಸಾಗುತ್ತದೆ. ಎರಡರ ವೇಗವೂ ಸರಿಸಮವಾದರೆ ಅಲೆ ಬೆಳೆದು ಗಡ್ಡೆಯನ್ನು ಸೀಳಬಲ್ಲುದು. ನೀರು ಆಳವಿಲ್ಲದ ಕಡೆ ಈ ಅಲೆಯ ವೇಗ ಕಡಿಮೆ. ಆದುದರಿಂದ ಸಾಧಾರಣ ವೇಗದಲ್ಲಿಯೇ ಅನಾಹುತ ಸಂಭವಿಸಬಹುದು. ಸಾಲದೆಂಬಂತೆ ಅಲೆ ದಡಕ್ಕೆ ಬಡಿದು ಹಿಂದಿರುಗುತ್ತದೆ. ದಡ ಕಂಡಿತೆಂದು ಸಂತೋಷದಿಂದ ವೇಗ ಹೆಚ್ಚಿಸುವ ಚಾಲಕನಿಗೆ ಆ ಕಡೆಯ ನೂರು ಗಜವೇ ಕಂಟಕ. ಹಾಗೆಂದು ಭಾರದ ಲಾರಿಯನ್ನು ಬಹಳ ಹೊತ್ತು ಒಂದೆಡೆ ನಿಲ್ಲಿಸುವಂತೆಯೂ ಇಲ್ಲ. ಗಡ್ಡೆ ನಿಧಾನವಾಗಿ ಕುಸಿಯುತ್ತದೆ.

ಖುವ್ಸ್‌ಗುಲ್‌ನ ನೀರು ಏಗ್ ಹಾಗೂ ಸೆಲೆಂಗಾ ನದಿಗಳ ಮೂಲಕ ರಷ್ಯದ ಬೈಕಲ್ ಸರೋವರವನ್ನು ಸೇರುತ್ತದೆ. ಆ ಬೈಕಲ್ ಮೇಲೆ 1904ರಲ್ಲಿ, ಜಪಾನಿನೊಡನೆ ಯುದ್ಧ ನಡೆದಿದ್ದಾಗ, ರೈಲ್ವೆ ಮಂತ್ರಿ ಖಿಲ್ಕೋವ್ ಅವರ ಮೇಲ್ವಿಚಾರಣೆಯಲ್ಲಿ ಗಡ್ಡೆಯ ಮೇಲೆಯೇ ಸುಮಾರು 40 ಕಿಲೋಮೀಟರ್ ಕಂಬಿ ಹಾಸಿದ್ದರು. ಪರೀಕ್ಷೆಗೆಂದು ಬಿಟ್ಟ ಎಂಜಿನ್ ಗಡ್ಡೆ ಒಡೆದು ಮುಳುಗಿತು. ಆ ಬಳಿಕ ಎಂಜಿನ್‌ಗಳನ್ನು ಬಿಡಿಭಾಗಗಳಾಗಿ ಬಿಚ್ಚಿ ಸಾಗಿಸಿದರು. ಡಬ್ಬಿಗಳನ್ನು ಕುದುರೆಗಳು ಎಳೆದವು.

ಖುವ್ಸ್‌ಗುಲ್‌ನಲ್ಲಿ ವರ್ಷಗಳುದ್ದಕ್ಕೂ 30ರಿಂದ 40 ವಾಹನಗಳು ಮುಳುಗಿರಬಹುದೆಂದು ಅಂದಾಜಿದೆ. ಲಾರಿ ಮುಳುಗಿದರೆ ಅದರೊಡನೆ ಎಣ್ಣೆಯೂ ಕುಡಿಯುವ ನೀರಿಗೆ ಇಳಿಯಿತೆಂದೇ ಅರ್ಥ. 1992ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು; ಗಡ್ಡೆಯ ಮೇಲಿನ ಲಾರಿ ಸಾಗಣೆಯನ್ನೂ ನಿಷೇಧಿಸಲಾಗಿದೆ. ದಡದ ದಾರಿ ಸುತ್ತುಬಳಸಿನದು, ದುರ್ಗಮವಾದುದು. ಆ ಹಿರಿಯರನ್ನು ನಾವು ಈ ನಿಷೇಧದ ಬಗೆಗೆ ಕೇಳಿದಾಗ, ತಮ್ಮ ಮಗನೂ ಲಾರಿ ಚಾಲಕನೆಂದೂ, ಅವನು ಬಾಗಿಲು ಮುಚ್ಚಿಕೊಂಡೇ ಓಡಿಸುತ್ತಾನೆಂದೂ ಹೇಳಿ, ನಮ್ಮ ಬಟ್ಟಲಿಗೆ ಮತ್ತಷ್ಟು ಚಹಾ ಸುರಿದರು.